ಮಣಿಸರ ಸಹಿತ ತೂಕ

ಕಾರವಾರ
18 ಆಗಸ್ಟ್ 2025

ಪ್ರೀತಿಯ ಭಾರತಕ್ಕನಿಗೆ,

ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

1. ರಾಮನಗುಳಿ ಕಡೆಯ ಬೀರಿ ಬೊಮ್ಮಯ್ಯ ಗೌಡ, 58 ವರ್ಷ, ಸ್ತನದ ಕ್ಯಾನ್ಸರಿಗಾಗಿ ಮೇ ತಿಂಗಳಿನಿಂದ ನಿಮ್ಮ ಅಂಕೋಲಾ ಕೇಂದ್ರದಲ್ಲಿ ಇಪ್ಪತ್ತೊಂದು ದಿನಕ್ಕೊಮ್ಮೆ ಕಿಮೊ ಪಡೆಯುತ್ತಿದ್ದಾರೆ.

2. ಪ್ರತಿ ಸಲ ಅವರ ತೂಕವನ್ನು ಅಲ್ಲಿನ ನರ್ಸಾಗಿ ನೀನು ಕಂಪ್ಯೂಟರಿನಲ್ಲಿ ದಾಖಲಿಸುತ್ತೀ. ಇಲ್ಲಿ ಕಾರವಾರದ ಡಾಕ್ಟರು ಆ ತೂಕವನ್ನು ಪರದೆಯಲ್ಲಿ ನೋಡಿ ಔಷಧದ ಪ್ರಮಾಣ ನಿಶ್ಚಯಿಸುತ್ತಾರೆ.

3. ಐದು ದಾಖಲೆಗಳು ಹೀಗಿವೆ: ಮೇ 12ರಂದು 45.8 ಕಿಲೊ, ಜೂನ್ 2ರಂದು 45.7, ಜೂನ್ 23ರಂದು 45.8, ಜುಲೈ 14ರಂದು 45.6, ಆಗಸ್ಟ್ 4ರಂದು 45.6.

4. ಆಗಸ್ಟ್ 14ರಂದು ಅವರು ಜ್ವರ ಮತ್ತು ಬಾಯಿಹುಣ್ಣಿನಿಂದ ನಮ್ಮ ಆಸ್ಪತ್ರೆಗೆ ದಾಖಲಾದರು. ಬಿಳಿ ರಕ್ತಕಣ ಬಹಳ ಇಳಿದಿತ್ತು. ಅಂದಿನ ತೂಕ 41.4.

5. ಹತ್ತು ದಿನಗಳಲ್ಲಿ ನಾಲ್ಕು ಕಿಲೊಗೂ ಮೀರಿ ಇಳಿಯುವುದು ಅಸಂಭವವೆಂದು ಡಾಕ್ಟರ ಅಭಿಪ್ರಾಯ. ಹಿಂದಿನ ತೂಕಗಳೇ ತಪ್ಪಾಗಿದ್ದು, ಅದರಿಂದ ಔಷಧ ಹೆಚ್ಚಾಯಿತೆಂದು ಅವರು ಭಾವಿಸಿದ್ದಾರೆ.

6. ಐದೂ ದಾಖಲೆಗಳು ನಿನ್ನ ಲಾಗಿನ್‌ನಲ್ಲಿವೆ. ತೂಗದೆ, ಕುಳಿತಲ್ಲೇ ಬರೆದ ಅಂಕಿಗಳಿರಬಹುದೆಂಬ ಮಾತು ಎದ್ದಿದೆ.

7. ದಾಖಲೆ ವ್ಯವಸ್ಥೆ ನನ್ನ ವಿಭಾಗಕ್ಕೆ ಸೇರಿದ್ದು. ಸೆಪ್ಟೆಂಬರ್ 5ರೊಳಗೆ ವರದಿ ಕೊಡಬೇಕೆಂದು ಸೂಪರಿಂಟೆಂಡೆಂಟರು ನನಗೇ ಹೇಳಿದ್ದಾರೆ. ನೀನು ನನ್ನ ಅಕ್ಕ ಎಂಬುದು ಅವರಿಗೆ ತಿಳಿದಿದೆ. ಬೇರೆಯವರಿಗೆ ಈ ವ್ಯವಸ್ಥೆ ತಿಳಿದಿಲ್ಲ ಎಂದರು.

8. ಬೀರಿಯವರ ಜ್ವರ ನಿನ್ನೆಯಿಂದ ಇಳಿಯುತ್ತಿದೆ.

ಅಕ್ಟೋಬರ್ 31ಕ್ಕೆ ನೀನು ನಿವೃತ್ತಳಾಗುತ್ತೀ. ಮೂವತ್ತನಾಲ್ಕು ವರ್ಷಗಳ ಸೇವಾ ಪುಸ್ತಕದ ಕೊನೆಯ ಪುಟದಲ್ಲಿ ‘ಸುಳ್ಳು ದಾಖಲೆ’ ಎಂಬ ಪದ ಬರಬಹುದು. ಆದ್ದರಿಂದ ಕೇಳುತ್ತಿದ್ದೇನೆ: ಐದು ಸಲವೂ ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದೆಯಾ? ಹೌದು ಅಥವಾ ಇಲ್ಲ ಎಂದರೆ ಸಾಕು.

ಫೋನಿನಲ್ಲಿ ನೀನು ನಗಲು ತೊಡಗಿದರೆ ನಾನು ಹೇಳಬೇಕಾದ್ದನ್ನು ಅರ್ಧಕ್ಕೆ ಬಿಡುತ್ತೇನೆ. ರಕ್ತದ ಮಾದರಿ ಒಯ್ಯುವ ವ್ಯಾನಿನ ಡ್ರೈವರ್ ಸಂದೇಶನ ಕೈಯಲ್ಲಿ ಇದನ್ನು ಕಳುಹಿಸುತ್ತಿರುವುದು ಅದಕ್ಕಾಗಿ.

ನಿನ್ನ ತಮ್ಮ,
ಭಾಸ್ಕರ


ಅಂಕೋಲಾ
20 ಆಗಸ್ಟ್ 2025

ಚಿರಂಜೀವಿ ಭಾಸ್ಕರನಿಗೆ ಅಕ್ಕನ ಆಶೀರ್ವಾದ.

ಹೌದು.

ನೀನು ಒಂದೇ ಪದ ಕೇಳಿದ್ದೆ, ಕೊಟ್ಟಿದ್ದೇನೆ. ಇನ್ನು ನನ್ನ ಮಾತು.

ಬೀರಿ ಏನು ತಿನ್ನುತ್ತಿದ್ದಾಳೆ? ಅವಳನ್ನು ಕೇಳಬೇಡ, ಕೇಳಿದರೆ ‘ಅಡ್ಡಿಲ್ಲ’ ಎನ್ನುತ್ತಾಳೆ. ತಟ್ಟೆ ಎತ್ತುವವರನ್ನು ಕೇಳು. ಬಾಯಿಹುಣ್ಣಿಗೆ ಗಂಜಿ ಆರಿಸಿ ಕೊಡಬೇಕು. ಬಿಸಿ ಕೊಟ್ಟರೆ ನುಂಗದೆ ಸೆರಗಿನಲ್ಲಿ ಉಗುಳಿ ಮುಚ್ಚಿಡುತ್ತಾಳೆ, ಕಳ್ಳಿ. ಅವಳ ಗಂಡ ಬೊಮ್ಮಯ್ಯ ಅಲ್ಲಿಯೇ ಇದ್ದಾನೆಯೆ? ಅವನಿಗೆ ಕಾರವಾರದಲ್ಲಿ ದಾರಿ ತಿಳಿಯುವುದಿಲ್ಲ. ಆಸ್ಪತ್ರೆಯ ಗೇಟು ದಾಟಿ ಚಾ ಕುಡಿಯಲೂ ಹೆದರುತ್ತಾನೆ. ನಿನಗೆ ಹತ್ತು ನಿಮಿಷ ಸಿಕ್ಕರೆ ಅವನನ್ನು ಕರೆದುಕೊಂಡು ಹೋಗು. ನೀನು ಮಾತಾಡಬೇಕಾಗಿಲ್ಲ, ಅವನೂ ಆಡುವುದಿಲ್ಲ, ಇಬ್ಬರಿಗೂ ಸರಿಹೋಗುತ್ತದೆ.

ಸಂದೇಶನ ಹತ್ತಿರ ಕೆಸುವಿನೆಲೆಯ ಪತ್ರೊಡೆ ಕೊಟ್ಟಿದ್ದೇನೆ. ಅವನು ಕೇಳಿದ, “ಬಾಯೋರೆ, ಇದು ರಕ್ತದ ಪೆಟ್ಗಿ ಒಳಗೆ ಹಾಕೂದಾ, ಹೊರಗೆ ಹಾಕೂದಾ?” ಎಂದು. “ಹೊರಗೆ ಹಾಕು ಮಾರಾಯ, ಇಲ್ದಿದ್ರೆ ಅದಕ್ಕೂ ಒಂದು ನಂಬರ್ ಅಂಟಿಸ್ತಾನೆ ನನ್ನ ತಮ್ಮ” ಎಂದೆ.

ತೂಕದ ವಿಷಯ: ನಾನು ಬರೆಯಬೇಕಾದ್ದನ್ನು ಬರೆದಿದ್ದೇನೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನೀನು ಸರಿಯಾಗಿ ಊಟ ಮಾಡು.

ಅಕ್ಕ


ಕಾರವಾರ
22 ಆಗಸ್ಟ್ 2025

ಅಕ್ಕನಿಗೆ,

ಪತ್ರೊಡೆ ತಲುಪಿತು. ಬೊಮ್ಮಯ್ಯನವರನ್ನು ಎರಡು ಸಲ ಚಾ ಕುಡಿಯಲು ಕರೆದೊಯ್ದೆ. ನೀನು ಹೇಳಿದಂತೆಯೇ ಇಬ್ಬರೂ ಮಾತಾಡಲಿಲ್ಲ.

‘ಹೌದು’ ಎಂಬ ಉತ್ತರವನ್ನು ನಾನು ನಂಬುತ್ತೇನೆ. ಆದರೆ ನನ್ನ ನಂಬಿಕೆಯನ್ನು ವರದಿಗೆ ಲಗತ್ತಿಸಲು ಬರುವುದಿಲ್ಲ. ನಿಮ್ಮ ಕೇಂದ್ರದ ತೂಕದ ಯಂತ್ರವನ್ನು ಏಪ್ರಿಲ್‌ನಲ್ಲಿ ಪರೀಕ್ಷಿಸಲಾಗಿದೆ. ನಿನ್ನೆ ಫೋನಿನಲ್ಲಿ ನಿಮ್ಮಲ್ಲಿಯ ಯಶೋದಾ ಸಿಸ್ಟರಿಗೆ ಹೇಳಿ ಹತ್ತು ಕಿಲೊ ಬಟ್ಟು ಇರಿಸಿ ನೋಡಿಸಿದೆ. ಸರಿಯಾಗಿ ಹತ್ತು ತೋರಿಸಿತು. ಯಂತ್ರ ಸರಿ, ನೀನು ತೂಗಿದ್ದೂ ಸರಿ ಎಂದಾದರೆ ರೋಗಿಯೇ ತಪ್ಪಾಗಬೇಕಾಗುತ್ತದೆ.

ಇನ್ನೊಂದು ಸಾಧ್ಯತೆಯನ್ನು ಸಂಕೋಚದಿಂದಲೇ ಬರೆಯುತ್ತೇನೆ. ಸೋಮವಾರಗಳಲ್ಲಿ ನಿಮ್ಮಲ್ಲಿ ಇಪ್ಪತ್ತು ರೋಗಿಗಳಿಗೆ ಇಬ್ಬರೇ ನರ್ಸುಗಳು. ಯಾವುದೋ ಒಂದು ದಿನ ಗಡಿಬಿಡಿಯಲ್ಲಿ ಹಿಂದಿನ ಅಂಕಿಯನ್ನೇ ಬರೆದಿದ್ದರೆ ಅದನ್ನು ಮೊದಲು ನನಗೆ ಹೇಳು. ಕೆಲಸದ ಒತ್ತಡವನ್ನು ಅಂಕಿಗಳಲ್ಲಿ ತೋರಿಸಿ ವರದಿಯನ್ನು ಸೌಮ್ಯಗೊಳಿಸಬಹುದು.

ಚೌತಿಗೆ ಕೇಣಿಯ ಮನೆಗೆ ಬರುವುದಿಲ್ಲ. ವರದಿ ಮುಗಿಯುವವರೆಗೆ ನಿನ್ನ ಮನೆಯಲ್ಲಿ ಉಣ್ಣುವುದು ಸರಿಯಾಗಿ ಕಾಣುವುದಿಲ್ಲ. ತಪ್ಪು ತಿಳಿಯಬೇಡ.

ಭಾಸ್ಕರ


ಕಾರವಾರ
28 ಆಗಸ್ಟ್ 2025

ಅಕ್ಕನಿಗೆ,

ನಾಲ್ಕು ದಿನ ವ್ಯಾನು ಬಂದಿತು, ನಿನ್ನ ಪತ್ರ ಬರಲಿಲ್ಲ. ನಿನ್ನೆ ಚೌತಿ. ರಜೆಯಿದ್ದರೂ ಕಚೇರಿಗೆ ಬಂದು ಕುಳಿತಿದ್ದೆ. ವರದಿಯ ಮೊದಲ ಪುಟ ಬರೆದಿದ್ದೇನೆ, ಎರಡನೆಯದು ಸಾಗುತ್ತಿಲ್ಲ.

ಹಿಂದಿನ ಪತ್ರದ ಮೂರನೆಯ ಪ್ಯಾರಾ ನಿನಗೆ ನೋವು ಕೊಟ್ಟಿರಬಹುದು. ಅದನ್ನು ನಾನು ಬರೆಯಬಾರದಿತ್ತು ಎಂದು ಹೇಳಲಾರೆ. ಕೇಳಬೇಕಾದ ಪ್ರಶ್ನೆ ಅದು. ಅದಕ್ಕೆ ಒಂದು ಉತ್ತರ ಬೇಕು.

ಬೀರಿಯವರು ಇಂದು ಅರ್ಧ ಇಡ್ಲಿ ತಿಂದರು. ತಟ್ಟೆ ಎತ್ತಿದವರನ್ನೇ ಕೇಳಿದ್ದೇನೆ.

ಭಾಸ್ಕರ


ಅಂಕೋಲಾ
30 ಆಗಸ್ಟ್ 2025

ಭಾಸ್ಕರಾ,

ಚೌತಿಯ ದಿನ ನಿನ್ನ ಎಲೆ ಹಾಕಿಸಿದ್ದೆ. ಪಕ್ಕದ ಮನೆಯ ಮಂಗಲಾ ಬಂದವಳು ಕೇಳಿದಳು, “ಯಾರ ಬಾಳೆ ಇದು, ಯಾರೂ ಕುಂತಿಲ್ಲ?” “ನನ್ನ ತಮ್ಮಂದು” ಎಂದೆ. “ಯೆಲ್ಲಿ ಅವ್ರು?” “ವರದಿ ಬರೀತಾ ಇದ್ದಾನೆ.” “ಯಾರ ಮೇಲೆ?” “ನನ್ನ ಮೇಲೆ.” ಅವಳಿಗೆ ತಮಾಷೆಯೆನಿಸಿ ಇಡೀ ಕೇರಿಗೆ ಕೇಳುವಷ್ಟು ನಕ್ಕಳು. ನಾನೂ ನಕ್ಕೆ.

ಸಿಟ್ಟು ಬಂದಿತ್ತು, ಹೌದು. ಐದು ದಿನ ಇತ್ತು. ಈಗ ಹೋಗಿದೆ. ಕರ್ಜಿಕಾಯಿ ಕಳುಹಿಸಿದ್ದೇನೆ. ವರದಿ ಬರೆಯುವವನು ಆರೋಪಿಯ ಕರ್ಜಿಕಾಯಿ ತಿನ್ನಬಾರದೆಂದು ನಿನ್ನ ನಿಯಮದಲ್ಲಿದ್ದರೆ ಬೊಮ್ಮಯ್ಯನಿಗೆ ಕೊಡು.

ನೀನು ಉತ್ತರ ಕೇಳಿದ್ದೀ. ನನ್ನ ಉತ್ತರ ಇಷ್ಟೇ: ನಿನಗೆ ಹೇಗೆ ಬೇಕೋ ಹಾಗೆ ಬರೆ. ಗಡಿಬಿಡಿಯಲ್ಲಿ ತಪ್ಪಾಯಿತು ಎಂದು ಬರೆದರೂ ನಾನು ಸಹಿ ಹಾಕುತ್ತೇನೆ. ನನಗೆ ಉಳಿದಿರುವುದು ಎರಡು ತಿಂಗಳು. ಹಾರ ಹಾಕಿ, ಬಿಸ್ಕಿಟು ಕೊಟ್ಟು ಕಳುಹಿಸುವ ಸಮಾರಂಭ ಇಲ್ಲದಿದ್ದರೆ ಇಲ್ಲ. ನೀನು ಇನ್ನೂ ಎಂಟು ವರ್ಷ ಆ ಕುರ್ಚಿಯಲ್ಲಿ ಕೂರಬೇಕಾದವನು. ಅದನ್ನು ನೆನಪಿಟ್ಟುಕೊಂಡು ಬರೆ. ಹೆಚ್ಚು ಅಗೆಯಬೇಡ.

ಅಕ್ಕ


ಕಾರವಾರ
2 ಸೆಪ್ಟೆಂಬರ್ 2025

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ತೂಗಿದ್ದೇನೆ ಎಂದವಳು ಹತ್ತು ದಿನಗಳ ಮೇಲೆ ತೂಗಲಿಲ್ಲವೆಂದು ಸಹಿ ಹಾಕಲು ಸಿದ್ಧಳಾಗಿದ್ದೀ. ನನ್ನ ಕುರ್ಚಿಯ ವಿಷಯ ಅಲ್ಲಿ ಏಕೆ ಬಂದಿತೆಂದು ಅರ್ಥವಾಗಲಿಲ್ಲ. ಆದ್ದರಿಂದ ಕಾಗದಗಳನ್ನು ಬಿಟ್ಟು ವಾರ್ಡಿಗೆ ಹೋದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಬೀರಿಯವರು ಗೋಡೆಗೆ ಒರಗಿ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ನೀ ಭಾರತಿ ಬಾಯೋರ ತಮ್ಮ ಅಲ್ದಾ? ಮೂಗು ನೋಡ್ದ್ರೆ ಗೊತ್ತಾಗ್ತದೆ.”

ಅಂಕೋಲೆಯಲ್ಲಿ ತೂಗುವಾಗ ಹೇಗೆ ನಿಲ್ಲುತ್ತಿದ್ದಿರಿ ಎಂದು ಕೇಳಿದೆ. ಅವರು ಗಂಡನ ಮುಖ ನೋಡಿದರು. ಬೊಮ್ಮಯ್ಯನವರ ತೊಡೆಯ ಮೇಲೆ ಒಂದು ಪಂಚೆಯ ಗಂಟು ಇತ್ತು. ಇಷ್ಟು ದಿನ ಚಾ ಅಂಗಡಿಗೂ ಅದನ್ನು ಹೊತ್ತು ತರುತ್ತಿದ್ದರು. ಅದರಲ್ಲಿ ಏನಿದೆಯೆಂದು ನಾನು ಕೇಳಿರಲಿಲ್ಲ. ಅವರು ಗಂಟು ಬಿಚ್ಚಿದರು. ಒಳಗೆ ಅವರ ಕಡೆಯ ಹೆಂಗಸರು ಕೊರಳು ತುಂಬ ಹಾಕುವ ಕರಿಮಣಿ, ಕೆಂಪು ಮಣಿ, ಹಳದಿ ಮಣಿಗಳ ಸರಗಳು, ಒಂದರ ಮೇಲೊಂದು. ಎಕ್ಸರೇಗೆ ಒಯ್ಯುವಾಗ ಜ್ವರದ ಗ್ಲಾನಿಯಲ್ಲಿದ್ದ ಅವರ ಕೊರಳಿನಿಂದ ಇವನ್ನು ತೆಗೆದಿದ್ದರಂತೆ. ಆಮೇಲೆ ತೂಗಿದ್ದರಂತೆ. ತೆಗೆದರೆಂದು ಯಾರೂ ಬರೆದಿಲ್ಲ.

“ಇಷ್ಟೂ ಇವರವೇ?” ಎಂದೆ.

“ಇವಳವು ಹದಿನೆಂಟು,” ಎಂದರು ಬೊಮ್ಮಯ್ಯ. “ಉಳಿದದ್ದು ಊರವ್ರದ್ದು. ಸೂಜಿ ದಿನದ ಮುಂಚೆ ರೇಶನ್ ಅಂಗಡಿಗೆ ಕರ್ಕಂಡು ಹೋಗೂದು, ಅಕ್ಕಿ ಕಾಟಾದ ಮೇಲೆ ನಿಲ್ಸೂದು. ಕಮ್ಮಿ ಬಂದ್ರೆ ಮನಿಗೆ ಬಂದು ಮತ್ತೆರಡು ಸರ ಹಾಕೂದು. ಅಂಗಡಿಯವ ಹೇಳ್ದ, ‘ಅಕ್ಕಿ ತೂಗೂಕೆ ಬಂದ್ಯಾ, ಹೆಂಡ್ತಿ ತೂಗೂಕೆ ಬಂದ್ಯಾ ಬೊಮ್ಮಯ್ಯ? ಇವಳ್ನ ಯಾವ ಕಾರ್ಡಲ್ಲಿ ಬರೀಲಿ?’ ಅಂದಿ.”

“ಏಕೆ ಹಾಗೆ ಮಾಡಿದಿರಿ?”

ಬೀರಿಯವರು ಹೇಳಿದರು: “ತೂಕ ಇಳಿದ್ರೆ ಸೂಜಿ ನಿಲ್ಸ್ತ್ರು ಅಂದಿ ಬಾಯೋರು ಹೇಳಿದ್ರು. ನಂಗೆ ಸೂಜಿ ಬೇಕಾಗಿತ್ತು. ತಿಮ್ಮು ಎರಡು ಕೊಡ್ತು, ಕಾಮಿ ಮೂರು ಕೊಡ್ತು. ಗಂಗೂ ಸತ್ರೂ ಕೊಡೂದಿಲ್ಲ ಅಂದ್ಕಂಡಿದ್ದೆ, ಅದೂ ಕೊಡ್ತು. ಕೊಟ್ಟಿ ಹೇಳ್ತು, ‘ಹುಷಾರಾದ್ಮೇಲೆ ವಾಪಸ್ ಕೊಡು, ಇಲ್ದಿದ್ರೆ ಬಿಡೂದಿಲ್ಲ’ ಅಂದಿ.” ನಗಲು ಹೋಗಿ ಬಾಯಿಹುಣ್ಣು ಉರಿದು ನಿಲ್ಲಿಸಿದರು.

ವಾರ್ಡಿನ ನೀತಾ ಸಿಸ್ಟರ್ ಗಂಟನ್ನು ಕೂಸುಗಳ ತೂಕದ ಯಂತ್ರದ ಮೇಲೆ ಇಟ್ಟರು. 3.9 ಕಿಲೊ. ಇದನ್ನು 41.4ಕ್ಕೆ ಕೂಡಿಸಿದರೆ 45.3. ನಿನ್ನ ಅಂಕಿ 45.6. ನೀನು ತೂಗಿದ್ದೀ.

ಇಷ್ಟರಿಂದ ನಿನ್ನ ಪ್ರಾಮಾಣಿಕತೆ ಸಾಬೀತಾಗುತ್ತದೆ. ಆದರೆ ಮಣಿಸರ ಕಂಡೂ ನೀನು ಸುಮ್ಮನಿದ್ದೆಯೆಂದು ನನಗೆ ನಂಬಿಕೆಯಾಗಲಿಲ್ಲ. ಕಚೇರಿಗೆ ಬಂದು ಬೀರಿಯವರ ದಾಖಲೆಯನ್ನು ಡಾಕ್ಟರ ಪರದೆಯಲ್ಲಿ ನೋಡದೆ ಮೂಲದಲ್ಲೇ ತೆರೆದೆ. ಪ್ರತಿ ತೂಕದ ಹಿಂದೆಯೂ ನರ್ಸಿನ ಟಿಪ್ಪಣಿ ಇತ್ತು, ಕನ್ನಡದಲ್ಲಿ, ನಿನ್ನ ಲಾಗಿನ್‌ನಿಂದ, ಅದೇ ದಿನ, ಅದೇ ಗಂಟೆಯಲ್ಲಿ. ಇಲ್ಲಿ ನಕಲು ಮಾಡುತ್ತಿದ್ದೇನೆ.

ಮೇ 12: ‘ತೂಕ ಮಣಿಸರ ಸಹಿತ. ಗಂಡ ಎದುರಿಗೇ ಕೂತಿರುವಾಗ ಬರಿಗೊರಳು ಮಾಡಲಾರೆ ಎಂದಳು. ಸರ ಅಂದಾಜು ಒಂದೂಮುಕ್ಕಾಲು ಕಿಲೊ, ಕಳೆದು ಓದಿರಿ.’

ಜೂನ್ 2: ‘ಸರ ಹೆಚ್ಚಿದಂತಿವೆ. ಬಳೆ ಮೊಣಕೈವರೆಗೆ ಜಾರುತ್ತಿದೆ.’

ಜೂನ್ 23: ‘ಸರ ಎಣಿಸಿದೆ: ಇಪ್ಪತ್ತೆಂಟು. ಅಂಕಿಯನ್ನು ನಂಬಬೇಡಿರಿ. ದಯವಿಟ್ಟು ಒಮ್ಮೆ ರೋಗಿಯನ್ನು ಕರೆಸಿ ನೋಡಿರಿ.’

ಜುಲೈ 14: ‘ಸರ ಮೂವತ್ತನಾಲ್ಕು. ಗಂಜಿ ಮಾತ್ರ ಇಳಿಯುತ್ತದೆ. ಹಿಂದಿನ ಟಿಪ್ಪಣಿಗೆ ಉತ್ತರ ಬಂದಿಲ್ಲ.’

ಆಗಸ್ಟ್ 4: ‘ಸರ ನಲವತ್ತೊಂದು. ನಿಜವಾದ ತೂಕ ನಲವತ್ತೆರಡಕ್ಕಿಂತ ಕಡಿಮೆ ಇರಬೇಕು. ಯಾರಾದರೂ ಓದಿರಿ.’

ಡಾಕ್ಟರು ಓದಲಿಲ್ಲ, ಏಕೆಂದರೆ ಅವರ ಪರದೆಯಲ್ಲಿ ಟಿಪ್ಪಣಿ ಕಾಣುವುದಿಲ್ಲ. ಅಂಕಿಯ ಪೆಟ್ಟಿಗೆಗಳು ಕಾಣುತ್ತವೆ. ಟಿಪ್ಪಣಿ ಅಂಚಿನ ಒಂದು ಸಣ್ಣ ತ್ರಿಕೋನದ ಹಿಂದೆ ಇದೆ, ಅದನ್ನು ಒತ್ತಬೇಕೆಂದು ಯಾರಿಗೂ ಹೇಳಿಲ್ಲ. ಆ ಪರದೆಯನ್ನು ಮೂರು ವರ್ಷಗಳ ಹಿಂದೆ ರೂಪಿಸಿದವನು ನಾನು. ಟಿಪ್ಪಣಿಯನ್ನು ಮೇಲೆಯೇ ಇಡಬೇಕೆಂದು ಅಂಕೋಲೆಯ ನರ್ಸುಗಳ ಪರವಾಗಿ ನೀನೇ ಕೇಳಿದ್ದೆ. ಅದನ್ನು ಎಣಿಸಲು, ಹೋಲಿಸಲು ಬರುವುದಿಲ್ಲ ಎಂದು ನಾನು ತಳ್ಳಿಹಾಕಿದ್ದೆ. ಅಂದಾಜನ್ನು ಅಂಕಿಯ ಪೆಟ್ಟಿಗೆಯಲ್ಲಿ ಬರೆಯಕೂಡದು, ಯಂತ್ರ ತೋರಿಸಿದ್ದನ್ನೇ ಬರೆಯಬೇಕು ಎಂದು ತರಬೇತಿಯಲ್ಲಿ ಕಲಿಸಿದವನೂ ನಾನೇ. ನೀನು ಅಕ್ಷರಶಃ ಪಾಲಿಸಿದ್ದೀ.

ನನಗೆ ತಿಳಿಯಬೇಕಾದದ್ದು ಒಂದೇ. ನಿನಗೆ ಇದು ಗೊತ್ತಿತ್ತೇ?

ಭಾಸ್ಕರ


ಅಂಕೋಲಾ
3 ಸೆಪ್ಟೆಂಬರ್ 2025

ಭಾಸ್ಕರಾ,

ನಿನ್ನ ಮೊದಲನೆಯ ಪತ್ರ ಓದಿದಾಗ ಗೊತ್ತಾಯಿತು. ಎಂಟು ಸಂಗತಿ ಬರೆದಿದ್ದೆ, ಒಂದರಲ್ಲಿಯೂ ಮಣಿಯ ಮಾತಿರಲಿಲ್ಲ. ಹಾಗಾದರೆ ನನ್ನ ಟಿಪ್ಪಣಿ ಯಾರ ಕಣ್ಣಿಗೂ ಬಿದ್ದಿಲ್ಲ ಎಂದು ತಿಳಿಯಿತು. ಏಕೆ ಬೀಳಲಿಲ್ಲ ಎಂದು ಯೋಚಿಸಿದರೆ ನಿನ್ನ ತ್ರಿಕೋನ ನೆನಪಾಯಿತು. ಅವತ್ತು ವಾದ ಮಾಡಿ ಸೋತು ಬಂದವಳು ನಾನಲ್ಲವೇ.

‘ಟಿಪ್ಪಣಿ ನೋಡು’ ಎಂದು ಎರಡು ಪದ ಬರೆದಿದ್ದರೆ ಆಗುತ್ತಿತ್ತು. ಬರೆಯಲು ಕೂತೆ. ನನ್ನ ಮೇಲೆ ವರದಿ ಬರೆಯಲು ಹೊರಟವನ ಕೈಯಿಂದ ಅವನ ಮೇಲೆಯೇ ಬರೆಸಿದಂತಾಗುತ್ತದೆ ಎನಿಸಿತು. ಆಗಲಿಲ್ಲ. ನಿನಗೆ ಆ ವ್ಯವಸ್ಥೆ ಎಂದರೆ ಏನೆಂದು ನನಗೆ ಗೊತ್ತು. ಅದು ಮೊದಲ ಸಲ ಚಾಲೂ ಆದ ದಿನ ನೀನು ಫೋನ್ ಮಾಡಿ ಒಂದು ನಿಮಿಷ ಏನೂ ಹೇಳದೆ ಇದ್ದೆ. ನೀನು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕೇಳಿಲ್ಲ.

ನನ್ನ ತಪ್ಪನ್ನೂ ಹೇಳುತ್ತೇನೆ. ಬೀರಿ ತಿನ್ನಲಿ ಎಂದು ಹೆದರಿಸಿದವಳು ನಾನು: “ಉಣ್ಣೂದಿಲ್ಲ ಅಂದ್ರೆ ತೂಕ ಇಳೀತದೆ, ಸೂಜಿ ನಿಲ್ಲಿಸ್ತ್ರು ನೋಡು!” ಎಂದು. ಉಣ್ಣುತ್ತಾಳೆ ಎಂದುಕೊಂಡೆ, ಅವಳು ಮಣಿ ಹಾಕಿಕೊಂಡಳು. ಉತ್ತರ ಬರದಿದ್ದಾಗ ಫೋನ್ ಮಾಡಬೇಕಿತ್ತು. ಜುಲೈಯಲ್ಲಿ ಎರಡು ಸಲ ಫೋನ್ ಎತ್ತಿ ಇಟ್ಟಿದ್ದೇನೆ. ದೊಡ್ಡ ಡಾಕ್ಟರು ಓದಿಯೇ ಪ್ರಮಾಣ ಬರೆದಿರುತ್ತಾರೆ, ನಾನು ಯಾರು ಕೇಳಲು ಎಂದುಕೊಂಡೆ. ಮೂವತ್ತನಾಲ್ಕು ವರ್ಷದ ಮೇಲೂ ಆ ಹೆದರಿಕೆ ಹೋಗಿಲ್ಲ ನೋಡು. ಬೀರಿಯ ಬಾಯಿಹುಣ್ಣಿನಲ್ಲಿ ನನ್ನ ಪಾಲೂ ಇದೆ.

ಈಗ ಅಕ್ಕನ ಮಾತು ಒಂದು ಕೇಳು. ‘ಸಂವಹನದ ಕೊರತೆ ಉಂಟಾಗಿದೆ’ ಎಂದು ಬರೆ. ಎಲ್ಲ ವರದಿಗಳಲ್ಲಿಯೂ ಹಾಗೇ ಇರುತ್ತದೆ. ಅದಕ್ಕೆ ಅಪ್ಪನೂ ಇಲ್ಲ, ಅವ್ವಿಯೂ ಇಲ್ಲ. ನನ್ನ ಹೆಸರೂ ಹೋಗುವುದಿಲ್ಲ, ನಿನ್ನದೂ ಹೋಗುವುದಿಲ್ಲ. ಮುಂದಿನ ವಾರ ಸದ್ದಿಲ್ಲದೆ ಪರದೆ ಸರಿಮಾಡು. ಯಾರಿಗೆ ನಷ್ಟ?

ಅಕ್ಕ


ಕಾರವಾರ
5 ಸೆಪ್ಟೆಂಬರ್ 2025

ಪ್ರೀತಿಯ ಅಕ್ಕನಿಗೆ,

ನೀನು ಹೇಳಿಕೊಟ್ಟ ವಾಕ್ಯವನ್ನು ನಿನ್ನೆ ಟೈಪು ಮಾಡಿದೆ. ಅದು ಚೆನ್ನಾಗಿಯೇ ಇತ್ತು. ಮಧ್ಯಾಹ್ನದವರೆಗೆ ಹಾಗೆಯೇ ಇಟ್ಟು ನೋಡಿದೆ. ಆ ಹೊತ್ತಿನಲ್ಲಿ ವಾರ್ಡಿನಿಂದ ನೀತಾ ಸಿಸ್ಟರ್ ಬಂದು, ಬೀರಿಯವರ ಮುಂದಿನ ಔಷಧವನ್ನು ಹೊಸ ತೂಕಕ್ಕೆ ನಿಶ್ಚಯಿಸಿದ್ದಾರೆಂದೂ, ಡಾಕ್ಟರು ಈಗ ಬೇರೆ ಹನ್ನೊಂದು ರೋಗಿಗಳ ತೂಕವನ್ನು ಶಂಕಿಸಿ ಮರಳಿ ಕೇಳುತ್ತಿದ್ದಾರೆಂದೂ ಹೇಳಿದರು. ಅಂಕೋಲೆಯಿಂದ ಬಂದ ಯಾವ ಅಂಕಿಯನ್ನೂ ಅವರು ನಂಬುತ್ತಿಲ್ಲ. ಆ ವಾಕ್ಯ ಉಳಿದರೆ ಈ ಅಪನಂಬಿಕೆಯೂ ಉಳಿಯುತ್ತದೆ. ನೀನು ಹೋದ ಮೇಲೆ ನಿನ್ನ ಸ್ಥಾನಕ್ಕೆ ಬರುವವರು ಅದನ್ನು ಹೊರಬೇಕಾಗುತ್ತದೆ. ‘ಯಾರಿಗೆ ನಷ್ಟ’ ಎಂಬ ನಿನ್ನ ಪ್ರಶ್ನೆಗೆ ಇದು ಉತ್ತರ.

ಇಂದು ಹನ್ನೊಂದು ಗಂಟೆಗೆ ಸೂಪರಿಂಟೆಂಡೆಂಟರು ನನ್ನ ಎದುರಿನಲ್ಲಿಯೇ ವರದಿ ಓದಿದರು. “ಭಾಸ್ಕರ, ನಿಮ್ಮ ಹೆಸರು ನೀವೇ ಹಾಕ್ಕಂಡ್ರೆ ನಾನು ನೋಟೀಸು ಕೊಡ್ಲೇಬೇಕಾಗ್ತದೆ,” ಎಂದರು. ಕೊಡಿರಿ ಎಂದೆ. “ಅಕ್ಕನ್ನ ಉಳಿಸೂಕೆ ಬರೆದದ್ದು ಅಂತ ಜನ ಹೇಳೂದಿಲ್ವಾ?” ಹೇಳುತ್ತಾರೆ ಎಂದೆ. ಅದಕ್ಕಾಗಿಯೇ ನೀನು ನನ್ನ ಅಕ್ಕ ಎಂಬುದನ್ನು ಮೊದಲ ಸಾಲಿನಲ್ಲಿ ಬರೆದು, ಐದೂ ಟಿಪ್ಪಣಿಗಳನ್ನು ಅವುಗಳ ಸಮಯದೊಂದಿಗೆ ಲಗತ್ತಿಸಿ, ಹೊರಗಿನವರಿಂದ ಪರಿಶೀಲಿಸಬೇಕೆಂದು ಕೋರಿದ್ದೇನೆ.

ನಿನ್ನ ಮೇಲೆ ಕೋಪವಿಲ್ಲ. ಹದಿನೈದು ದಿನ ನೀನು ನನ್ನನ್ನು ಮುಚ್ಚಿಟ್ಟುಕೊಂಡು ಕುಳಿತಿದ್ದೆ. ನಾನು ಅದನ್ನು ಅಪರಾಧಿಯ ಮೌನವೆಂದು ಓದಿದೆ. ಇದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ, ಬರೆಯಲೂ ಸುಲಭವಾಗಿಲ್ಲ.

ನಿನ್ನ ಸಲಹೆಯನ್ನು ನಾನು ಸ್ವೀಕರಿಸಲಿಲ್ಲ. ನರ್ಸ್ ಭಾರತಿಯವರ ಐದೂ ದಾಖಲೆಗಳು ಸತ್ಯ ಎಂದು ಬರೆದೆ. ಉತ್ತರ ಬರದಿದ್ದಾಗ ಅವರು ಫೋನ್ ಮಾಡಬೇಕಿತ್ತು ಎಂಬುದನ್ನೂ, ಅದು ಅವರೇ ಒಪ್ಪಿಕೊಂಡ ಮಾತೆಂಬುದನ್ನೂ ಬರೆದೆ. ಟಿಪ್ಪಣಿಗಳು ಡಾಕ್ಟರಿಗೆ ಕಾಣದಂತೆ ಪರದೆಯನ್ನು ರೂಪಿಸಿದವನು ನಾನು, ಔಷಧ ಹೆಚ್ಚಾಗಲು ಮುಖ್ಯ ಕಾರಣ ಅದು ಎಂದು ಬರೆದು, ನನ್ನ ಪೂರ್ಣ ಹೆಸರಿನಲ್ಲಿ ಸಹಿ ಮಾಡಿ ಕೊಟ್ಟೆ.

ನಿನ್ನ ತಮ್ಮ,
ಭಾಸ್ಕರ